ನಾಯಿಯ ಬಾಲದ ಬುಡದಲ್ಲಿ ನಿಲ್ಲದ ತುರಿಕೆ. ಊಟದ ಅಲರ್ಜಿ ಇರಬಹುದಾ?

ಗುಂಡನ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡ ಐದು ವರ್ಷದ ಲ್ಯಾಬ್ (ಲ್ಯಾಬ್ರಡಾರ್) ನಾಯಿ. ಮಳೆಗಾಲ ಶುರುವಾದಾಗಿಂದ ಬಾಲದ ಬುಡ, ಸೊಂಟ, ಹಿಂದಿನ ತೊಡೆ ಇಷ್ಟನ್ನೇ ಕಚ್ಚಿ ಕಚ್ಚಿ ಕೂದಲು ಉದುರಿಸಿಕೊಂಡಿದ್ದಾನೆ. ಇಂಜೆಕ್ಷನ್ ಕೊಡಿಸಿದರೆ ಕೆಲವು ದಿನ ಆರಾಮ, ಆಮೇಲೆ ಮತ್ತೆ ಅದೇ. ಈಗ ಸ್ಟೀರಾಯ್ಡ್ ಮಾತ್ರೆ ನಡೀತಿದೆ. ಚಿಕನ್ ಅಲರ್ಜಿ ಇರಬಹುದು ಅಂತ ಯಾರೋ ಹೇಳಿದರು, ಬರೀ ಮೊಸರನ್ನ ಹಾಕುತ್ತಿದ್ದೇವೆ. ಏನೂ ಬದಲಾಗಿಲ್ಲ. ಮೈಮೇಲೆ ಚಿಗಟ ಒಂದೂ ಕಾಣಿಸಿಲ್ಲ. ಮನೆಯಲ್ಲಿರುವ ಬೆಕ್ಕು ಚೆನ್ನಾಗಿಯೇ ಇದೆ. ರಾತ್ರಿಯಿಡೀ ಅವನು ಒದ್ದಾಡುವುದನ್ನು ನೋಡೋಕಾಗ್ತಿಲ್ಲ.

ಮುಧೋಳಪ್ರಿಯ:
ತುರಿಕೆ ಮೈಯ ಯಾವ ಭಾಗದಲ್ಲಿದೆ ಅನ್ನೋದನ್ನು ಮೊದಲು ನೋಡಿ. ಊಟದ ಅಲರ್ಜಿಯಲ್ಲಿ ಹೆಚ್ಚಾಗಿ ಕಿವಿ, ಪಾದ, ಹೊಟ್ಟೆಯ ಕೆಳಭಾಗ ಕೆಂಪಾಗುತ್ತವೆ. ಕಿವಿ ಸೋಂಕು ಮತ್ತೆ ಮತ್ತೆ ಬರುತ್ತದೆ. ಬಾಲದ ಬುಡ ಅಂದರೆ ನನಗೆ ಮೊದಲ ಅನುಮಾನ ಚಿಗಟದ ಮೇಲೆ. ಅಲರ್ಜಿ ಆಗೋದು ಚಿಗಟದ ಎಂಜಲಿಗೆ, ಹಾಗಾಗಿ ಕೆಲವೇ ಕಡಿತ ಸಾಕು. ಮೈತುಂಬ ಚಿಗಟ ಇರಬೇಕು ಅಂತೇನಿಲ್ಲ.

ಒಂದು ಕೆಲಸ ಮಾಡಿ. ಒದ್ದೆ ಬಿಳಿ ಟಿಶ್ಯೂ ಹಾಸಿ, ಅದರ ಮೇಲೆ ಅವನ ಸೊಂಟದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಉದುರಿದ ಕಪ್ಪು ಚುಕ್ಕೆಗಳ ಸುತ್ತ ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬರೀ ಮಣ್ಣಾದರೆ ಕೆಂಪು ಬರಲ್ಲ.

ಮೊಸರನ್ನ ನಿಲ್ಲಿಸಿ. ಹಾಲಿನ ಪದಾರ್ಥಕ್ಕೂ ಎಷ್ಟೋ ನಾಯಿಗಳಿಗೆ ಅಲರ್ಜಿ ಇರುತ್ತದೆ, ಅದರಿಂದ ಏನೂ ಗೊತ್ತಾಗಲ್ಲ. ಲ್ಯಾಬ್‌ಗೆ ಅದು ಪೂರ್ತಿ ಊಟವೂ ಅಲ್ಲ. ಆಹಾರ ಪರೀಕ್ಷೆ ಬೇಕೇ ಬೇಕಾದರೆ, ಅವನು ಈವರೆಗೆ ತಿನ್ನದ ಒಂದು ಮಾಂಸದ ಊಟವನ್ನು ಡಾಕ್ಟರ್ ಹೇಳಿದಂತೆ ಕನಿಷ್ಠ 8 ವಾರ ಕೊಡಬೇಕು, ನಡುವೆ ಒಂದು ಬಿಸ್ಕತ್ತೂ ಇಲ್ಲದೆ. ಅದಕ್ಕಿಂತ ಮೊದಲು ಚಿಗಟದ ವಿಷಯ ಮುಗಿಸಿ.

ಗುಂಡನ ಮನೆ:
ಬಾಚಿ ನೋಡಿದೆವು ಸರ್, ಕೆಂಪು ಬಂತು! ಇನ್ನೊಂದು ವಿಷಯ. ಬೆಕ್ಕಿನ ಬಾಲದ ಕೆಳಗೆ ಒಣಗಿದ ಅಕ್ಕಿ ನುಚ್ಚಿನಂಥದ್ದು ಅಂಟಿಕೊಂಡಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಮುಧೋಳಪ್ರಿಯ:
ಖಂಡಿತ ಇರಬಹುದು. ನೋಡೋಕೆ ಲಾಡಿಹುಳುವಿನ ತುಂಡುಗಳ ಹಾಗಿದೆ. ಬೆಕ್ಕಿಗೆ ಈ ಹುಳು ಹೆಚ್ಚಾಗಿ ಬರೋದು ಚಿಗಟ ನುಂಗಿದಾಗ. ಬೆಕ್ಕು ಮೈ ನೆಕ್ಕುತ್ತಾ ಚಿಗಟಗಳನ್ನು ತಿಂದುಬಿಡುತ್ತದೆ, ಅದಕ್ಕೇ ಅದರ ಮೈಮೇಲೆ ಕಾಣಿಸಲ್ಲ. ಡಾಕ್ಟರಿಗೆ ತೋರಿಸಿ. ಪ್ರಾಜಿಕ್ವಾಂಟೆಲ್ ಕೊಟ್ಟರೆ ಹುಳು ಹೋಗುತ್ತದೆ. ಆದರೆ ಚಿಗಟ ಉಳಿದರೆ ಮತ್ತೆ ಬರುತ್ತದೆ, ಹಾಗಾಗಿ ನಾಯಿ, ಬೆಕ್ಕು ಎರಡಕ್ಕೂ ಒಟ್ಟಿಗೇ ಚಿಗಟದ ಔಷಧಿ ಹಾಕಿಸಿ.

ಕರಾವಳಿ ಬೆಕ್ಕು:
ನಡುವೆ ಬಂದೆ, ಕ್ಷಮಿಸಿ, ಇದು ಜೀವದ ಪ್ರಶ್ನೆ. ದಯವಿಟ್ಟು ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ನಾಯಿಗೆ ಕುತ್ತಿಗೆಯ ಮೇಲೆ ಬಿಡುವ ಕೆಲವು ಔಷಧಿಗಳಲ್ಲಿ, ಪೌಡರ್‌ಗಳಲ್ಲಿ ಪರ್ಮೆತ್ರಿನ್ ಅನ್ನೋ ಕೀಟನಾಶಕ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸೋಕೆ ಆಗಲ್ಲ. ಮೈ ನಡುಗಿ, ಫಿಟ್ಸ್ ಬಂದು ಸಾಯಲೂಬಹುದು. ಎರಡೂ ಒಟ್ಟಿಗೆ ಮಲಗುವ ಮನೆಯಾದರೆ ನಾಯಿಗೂ ಪರ್ಮೆತ್ರಿನ್ ಬೇಡ. ಹಾಗೆಯೇ ಬೆಕ್ಕಿಗೆ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ವಿಷ.

ಗುಂಡನ ಮನೆ:
ತುಂಬಾ ಉಪಕಾರ ಮೇಡಂ. ಔಷಧಿ ಹಾಕಿಸಿದರೆ ಸ್ಟೀರಾಯ್ಡ್ ನಿಲ್ಲಿಸಬಹುದಾ?

ಮುಧೋಳಪ್ರಿಯ:
ನೀವಾಗಿ ನಿಲ್ಲಿಸಬೇಡಿ. ದಿನಗಟ್ಟಲೆ ತಗೊಂಡಿದ್ದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಗುಂಡನಿಗೆ ಯಾವಾಗಾದರೂ ಫಿಟ್ಸ್ ಬಂದಿದ್ದರೆ ಅದನ್ನೂ ಮೊದಲೇ ಹೇಳಿ. ಚಿಗಟಕ್ಕೆ ಕೊಡುವ ಅಗಿಯುವ ಮಾತ್ರೆಗಳು ಅಂಥ ನಾಯಿಗಳಿಗೆ ಆಗಿಬರದೇ ಇರಬಹುದು.

ಮನೆಯನ್ನೂ ನೋಡಿಕೊಳ್ಳಿ. ಚಿಗಟದ ಮೊಟ್ಟೆ, ಮರಿಹುಳು, ಗೂಡು ಎಲ್ಲ ಹಾಸಿಗೆ, ಕಾರ್ಪೆಟ್, ಸೋಫಾ ಸಂದಿಯಲ್ಲೇ ಇರುತ್ತವೆ. ಹಾಸಿಗೆ ಬಟ್ಟೆಗಳನ್ನು ವಾರವಾರ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗೂಡಿನೊಳಗಿರುವ ಚಿಗಟ ತಿಂಗಳುಗಟ್ಟಲೆ ಬದುಕುತ್ತದೆ. ಕೆರೆತ ನಿಂತಿತು ಅಂತ ಬಿಡದೆ, ಕನಿಷ್ಠ 3 ತಿಂಗಳು ಎರಡಕ್ಕೂ ಔಷಧಿ ತಪ್ಪಿಸಬೇಡಿ.