ಸಿಗ್ನಲ್ ಜನರೇಟರ್ ಕೊಟ್ರೆ ಸರಿ, ವೀಣೆ ಕೊಟ್ರೆ ಮಂದ್ರ ಮಾಯ, ಅನುಭವ ಇರೋರು ಹೇಳಿ

ವೀಣೆಗೆ ಪೀಜೋ ಬಿಲ್ಲೆ (ಕಂಪನವನ್ನ ವೋಲ್ಟೇಜ್ ಮಾಡೋದು) ಅಂಟಿಸಿ, ಆ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಪ್ರೀಆಂಪ್ ಮಾಡ್ತಿದೀನಿ. ಟಿಎಲ್072 ಆಪ್‌ಆಂಪ್ ಐಸಿ, ಇನ್ವರ್ಟಿಂಗ್ (ಸಿಗ್ನಲ್ ಮೈನಸ್ ಪಿನ್ನಿಗೆ), ಇನ್‌ಪುಟ್ಟಿಗೆ 10ಕೆ (ಕಿಲೋಓಮ್) ರೆಸಿಸ್ಟರ್, ಔಟ್‌ಪುಟ್ಟಿಂದ ವಾಪಸ್ ಬರೋ ಫೀಡ್‌ಬ್ಯಾಕಿಗೆ 100ಕೆ. ಸಿಗ್ನಲ್ ಜನರೇಟರ್ ಹಾಕಿದ್ರೆ ಗೇನ್ (ಎಷ್ಟು ಪಟ್ಟು ದೊಡ್ಡದಾಗುತ್ತೆ ಅನ್ನೋದು) ಕರೆಕ್ಟಾಗಿ 10. ವೀಣೆ ಹಾಕಿದ್ರೆ ಮಂದ್ರದ ತಂತಿ ಕೇಳೋದೇ ಇಲ್ಲ, ಬರೀ ಟಿಣ್ ಟಿಣ್. ಎರಡು ಐಸಿ ಬದಲಾಯಿಸಿ ಆಯ್ತು.

— ಐಸಿ ಪಾಪ ಏನ್ ಮಾಡುತ್ತೆ. ಇನ್ವರ್ಟಿಂಗಲ್ಲಿ ಫೀಡ್‌ಬ್ಯಾಕು ಮೈನಸ್ ಪಿನ್ನನ್ನ ಗ್ರೌಂಡ್ ಮಟ್ಟದಲ್ಲೇ ಹಿಡ್ಕೊಂಡಿರುತ್ತೆ, ಹಂಗಾಗಿ ಪೀಜೋಗೆ ಕಾಣೋದು ಆ 10ಕೆ ಮಾತ್ರ, ಪೀಜೋ ಅಂದ್ರೆ ಕೆಪಾಸಿಟರ್ ಇದ್ದಂಗೆ, 15 ನ್ಯಾನೋಫ್ಯಾರಡ್ ಅಂತ ಇಟ್ಕೊಂಡ್ರೆ ಎರಡೂ ಸೇರಿ ಸುಮಾರು 1 ಕಿಲೋಹರ್ಟ್ಸ್‌ನಿಂದ ಕೆಳಗಿದ್ದನ್ನ ತಿಂತಾ ಹೋಗುತ್ತೆ. ಜನರೇಟರ್ ಒಳಗೆ 50 ಓಮ್ ಅಷ್ಟೇ, ಅದಕ್ಕೆ ಈ ಬಿಸಿ ತಟ್ಟಲ್ಲ. ಪ್ಲಸ್ ಪಿನ್ನಿಗೆ ಕೊಡಿ, ಅಲ್ಲಿಂದ ಗ್ರೌಂಡಿಗೆ 1 ಮೆಗ್ (ಮೆಗಾಓಮ್) ಹಾಕಿ, ತಿನ್ನೋಕೆ ಶುರುವಾಗೋ ಕಟಾಫ್ 10 ಹರ್ಟ್ಸ್ ಹತ್ರ ಇಳಿಯುತ್ತೆ.

— ಜನರೇಟರ್ ನಂಬಿ ನಾನೂ ಕೆಟ್ಟೆ. ಬಿಸಿ547 ಒಂದೇ ಟ್ರಾನ್ಸಿಸ್ಟರ್, ಕಲೆಕ್ಟರಿಗೆ 2.2ಕೆ, ಕಲೆಕ್ಟರಿಂದ ಬೇಸಿಗೆ 220ಕೆ, 9 ವೋಲ್ಟ್ ಬ್ಯಾಟರಿ. ಜನರೇಟರಲ್ಲಿ ಗೇನ್ 200 ದಾಟ್ತಿತ್ತು, ಆದ್ರೆ ವೇವ್ ಒಂದ್ಕಡೆ ವಾಲ್ಕೊಂಡು ಬರ್ತಿತ್ತು, ಫೀಡ್‌ಬ್ಯಾಕ್ ಇದ್ದೂ ಯಾಕಪ್ಪಾ ಅಂತ ವಾರಗಟ್ಲೆ ತಲೆ ಕೆಡಿಸ್ಕೊಂಡೆ. ಸಿಗ್ನಲ್ ಕೊಡೋ ಸೋರ್ಸಲ್ಲಿ ರೆಸಿಸ್ಟೆನ್ಸೇ ಇಲ್ದಿದ್ರೆ, 220ಕೆ ಮೂಲಕ ವಾಪಸ್ ಬಂದ ಕರೆಂಟು ಬೇಸ್ ವೋಲ್ಟೇಜನ್ನ ಅಲ್ಲಾಡಿಸೋಕೇ ಆಗಲ್ಲ, ಎಲ್ಲಾ ಜನರೇಟರೇ ನುಂಗ್ಕೊಳುತ್ತೆ! ಸೀರೀಸಲ್ಲಿ 10ಕೆ ಹಾಕಿದ್ಮೇಲೆ ವೇವ್ ಚೊಕ್ಕ ಆಯ್ತು, ಗೇನ್ ಮಾತ್ರ 15ರ ಹತ್ರ ಬಂದು ಕೂತ್ಕೊಳ್ತು. ಅವತ್ತಿಂದ ಟೆಸ್ಟ್ ಮಾಡುವಾಗ ನಿಜವಾದ ಸೋರ್ಸ್ ಎಷ್ಟಿರುತ್ತೋ ಅಷ್ಟು ಸೀರೀಸಲ್ಲಿ ಹಾಕ್ದೆ ಜನರೇಟರ್ ಆನ್ ಮಾಡಲ್ಲ. ನಿಮ್ಮ ಪೀಜೋಗಾದ್ರೆ ರೆಸಿಸ್ಟರ್ ಬದ್ಲು 15 ನ್ಯಾನೋ ಕೆಪಾಸಿಟರ್ರು.

— 1 ಮೆಗ್ ಹಾಕ್ತೀರಾದ್ರೆ ಟಿಎಲ್072 ಬಿಡ್ಬೇಡಿ. ನಾಯ್ಸ್ ಕಡಿಮೆ ಅಂತ ಎನ್ಇ5532 ಅನ್ನೋ ಆಪ್‌ಆಂಪ್ ಹಾಕೀರಿ ಮತ್ತೆ, ನಾನು ಹಾಕಿ ಅನುಭವಿಸಿದೀನಿ. ಅದರ ಬಯಾಸ್ ಕರೆಂಟು (ಇನ್‌ಪುಟ್ ಪಿನ್ನಲ್ಲಿ ಯಾವಾಗ್ಲೂ ಹರಿಯೋ ಡಿಸಿ) ಸಾಮಾನ್ಯವಾಗಿ 200 ನ್ಯಾನೋಆಂಪ್, 1 ಮೆಗ್ ಮೇಲೆ ಅದೇ 0.2 ವೋಲ್ಟು, ಗೇನ್ ಸೇರಿದ್ರೆ ಔಟ್‌ಪುಟ್ಟಲ್ಲಿ 2 ವೋಲ್ಟ್ ಡಿಸಿ. ಫೀಡ್‌ಬ್ಯಾಕು ಇದನ್ನೇನೂ ಸರಿ ಮಾಡಲ್ಲ, ನಿಷ್ಠೆಯಿಂದ ದೊಡ್ಡದು ಮಾಡುತ್ತೆ ಅಷ್ಟೇ.

— ಪ್ರಶ್ನೆ ಕೇಳಿದವನು ನಾನೇ. ಪ್ಲಸ್ ಪಿನ್ನಿಗೆ ಕೊಟ್ಟೆ, ಗೇನ್ ಈಗ 11, ಮಂದ್ರ ಬಂತು! ಜೊತೆಗೆ ಗುಂಯ್ ಅಂತ ಹಮ್ಮೂ ಬಂತು, ವೈರ್ ಹತ್ರ ಕೈ ತಂದ್ರೆ ಜಾಸ್ತಿ ಆಗುತ್ತೆ.

— ಮಾಮೂಲಿ ವೈರ್ ಹಾಕಿದೀರಾ? ಶೀಲ್ಡೆಡ್ ಹಾಕಿ, ಆದಷ್ಟು ಗಿಡ್ಡಕ್ಕೆ.