ಪ್ರಜಾ ಸೋಷಲಿಸ್ಟ್ ಪಕ್ಷ (ಪಿಎಸ್‌ಪಿ) ಒಡೆದದ್ದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಹಟದಿಂದಲೇ?

ಸಾಗರದವ:
1951ರ ಕಾಗೋಡು ಸತ್ಯಾಗ್ರಹದ (ಭೂಮಾಲೀಕರ ವಿರುದ್ಧ ಗೇಣಿದಾರರ ಹೋರಾಟ) ಬಗ್ಗೆ ನಮ್ಮ ಕಡೆ ಎಲ್ಲರೂ ಮಾತಾಡ್ತಾರೆ. ನಾಲ್ಕೇ ವರ್ಷಕ್ಕೆ ಸಮಾಜವಾದಿಗಳು ಒಡೆದದ್ದು ಯಾಕೆ?

ತುಂಗಾತೀರ:
ಹಟ ಇತ್ತು, ಕಾರಣವೂ ಇತ್ತು. 1952ರ ಚುನಾವಣೆ ಸೋತ ಮೇಲೆ ಸೋಷಲಿಸ್ಟ್ ಪಕ್ಷ ಕೃಪಲಾನಿಯವರ ಪಕ್ಷದ ಜೊತೆ ಸೇರಿ ಪಿಎಸ್‌ಪಿ ಆಯಿತು. 1954ರಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ (ಬಹುಪಾಲು ಈಗಿನ ಕೇರಳದಲ್ಲಿದೆ) ಪಟ್ಟಂ ತಾಣು ಪಿಳ್ಳೆಯವರ ಪಿಎಸ್‌ಪಿ ಸರ್ಕಾರದ ಪೊಲೀಸರೇ ಜನರ ಮೇಲೆ ಗುಂಡು ಹಾರಿಸಿದರು. ಲೋಹಿಯಾ ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ. ಸರ್ಕಾರ ರಾಜೀನಾಮೆ ಕೊಡಲಿ ಅಂದರು. ಪಕ್ಷ ಒಪ್ಪಲಿಲ್ಲ, ಅವರೇ ಹುದ್ದೆ ಬಿಟ್ಟರು. 1955ರಲ್ಲಿ ಅಮಾನತಾದರು. ಆ ವರ್ಷದ ಕೊನೆಗೆ ಹೈದರಾಬಾದಿನಲ್ಲಿ ಬೇರೆ ಪಕ್ಷ.

ಮಲೆನಾಡಿಗ:
ಗೋಲಿಬಾರ್ ಕಿಡಿ ಅಷ್ಟೇ ರೀ. 1953ರ ಪಕ್ಷದ ಬೇತೂಲ್ ಸಮ್ಮೇಳನದಲ್ಲೇ ಪಿಎಸ್‌ಪಿಯ ಇನ್ನೊಬ್ಬ ನಾಯಕ ಅಶೋಕ ಮೆಹ್ತಾ ಕಾಂಗ್ರೆಸ್ ಜೊತೆ ಸಹಕರಿಸುವ ವಾದ ಹೂಡಿದ್ದರು. ಲೋಹಿಯಾಗೆ ಕಾಂಗ್ರೆಸ್, ಕಮ್ಯುನಿಸ್ಟ್ ಎರಡೂ ದೂರ. ಜಯಪ್ರಕಾಶ ನಾರಾಯಣರು ವಿನೋಬಾರ ಭೂದಾನ ಚಳವಳಿಗೆ ಹೋಗಿದ್ದರು; ಮೆಹ್ತಾ, ಲೋಹಿಯಾ ಇಬ್ಬರನ್ನೂ ಕೂರಿಸಿ ಮಾತಾಡಿಸುವವರೇ ಇರಲಿಲ್ಲ.

ಸಾಗರದವ:
ನಮ್ಮ ಕಡೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಯಾವ ಕಡೆ?

ತುಂಗಾತೀರ:
ಲೋಹಿಯಾ ಕಡೆ. 1952ರ ವಿಧಾನಸಭೆ ಚುನಾವಣೆಯಲ್ಲಿ ಗೆದ್ದವರು 1957ರಲ್ಲಿ ಸೋತರು. ಒಡಕೇ ಕಾರಣ ಅಂತ ಸುಮ್ಮನೆ ಹೇಳಬೇಡಿ, ಕ್ಷೇತ್ರದ ಮತಗಳ ಲೆಕ್ಕ ನೋಡಿ. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. 1964ರಲ್ಲಿ ಪಿಎಸ್‌ಪಿ, ಲೋಹಿಯಾ ಪಕ್ಷ ಎರಡೂ ಸೇರಿ ಸಂಯುಕ್ತ ಸೋಷಲಿಸ್ಟ್ ಪಕ್ಷ ಮಾಡಿಕೊಂಡವು. ಅದೂ ವರ್ಷ ತುಂಬುವ ಮೊದಲೇ ಮುರಿಯಿತು.