ಶೀತ್ ಒಳಗೆ ಹಾಕಿದರೆ ರೇಡಿಯಲ್ ಪ್ರೋಬ್ ಚಿತ್ರ ಹಾಳು, ಹೊರಗೆ ತೆಗೆದರೆ ಸರಿ. ಎಂತ ಮಾಡೂದು?

ಕೋಡಿಬಾಗ್_ಬೆಂಚ್ (ಕಾರವಾರ)
ತಲೆ ಕೆಟ್ಟುಹೋಗಿದೆ ಮಾರಾಯ್ರೆ. 20 ಮೆಗಾಹರ್ಟ್ಸ್ ರೇಡಿಯಲ್ ಪ್ರೋಬ್, ಅಂದ್ರೆ ಶ್ವಾಸನಾಳದೊಳಗೆ ಇಳಿಸಿ ಸುತ್ತಲೂ ನೋಡುವ ಸಪೂರ ಅಲ್ಟ್ರಾಸೌಂಡ್ ಪ್ರೋಬ್. ಬರೀ ಪ್ರೋಬನ್ನು ನೀರಿನ ಲೋಟಕ್ಕೆ ಇಳಿಸಿದರೆ ಚಿತ್ರ ಚೊಕ್ಕ, ಲೋಟದ ಗೋಡೆ ದುಂಡಗೆ ಕಾಣ್ತದೆ. ಅದನ್ನೇ ಗೈಡ್ ಶೀತ್ (ತೆಳು ಪ್ಲಾಸ್ಟಿಕ್ ಕೊಳವೆ) ಒಳಗೆ ತೂರಿಸಿ, ಎರಡನ್ನೂ ಹಿಂತುದಿಯಲ್ಲಿ ಹಿಡಿದಿಡುವ ಅಡಾಪ್ಟರ್‌ನಲ್ಲಿ ಲಾಕ್ ಮಾಡಿ, ಶ್ವಾಸನಾಳ ನೋಡುವ ಸ್ಕೋಪಿನಲ್ಲಿ ಇಳಿಸಿದ್ರೆ ಮುಗೀತು. ಒಂದು ಬದಿ ಕೈಯಲ್ಲಿ ಉಜ್ಜಿದ ಹಾಗೆ ಅಳಿಸಿಹೋಗ್ತದೆ. ಕೆಲವು ಸಲ ಪೂರ್ತಿ ಕತ್ತಲೆ. ಗೇನ್ ಏರಿಸಿದ್ದಾಯ್ತು, ಇಳಿಸಿದ್ದಾಯ್ತು. ಮಾರಿದವರು ಫೋನೇ ಎತ್ತೂದಿಲ್ಲ. ಮುಂದಿನ ವಾರ ಹುಡುಗರಿಗೆ ತರಬೇತಿ ಇಟ್ಟುಕೊಂಡಿದ್ದೇನೆ. ಯಾರಿಗಾದ್ರೂ ಹೀಗಾಗಿದೆಯಾ?

ಉಪ್ಪುಗಾಳಿ (ಹೊನ್ನಾವರ)
ಕನೆಕ್ಟರ್ ಪಿನ್ ನೋಡಿ. ಕಡಲಿನ ಬದಿಯಲ್ಲಿ ಮೊದಲು ಹೋಗುವುದು ಪಿನ್. ಹಸಿರು ಹಿಡಿದಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತಗಿನ ಬ್ರಶ್ ಆಡಿಸಿ, ಒಣಗಿಸಿ ಹಾಕಿ. ಹತ್ತರಲ್ಲಿ ಒಂಬತ್ತು ಸಲ ಅದೇ.

ಕುಮಟಾ_ಸರ್ವಿಸ್
ಗಾಳಿಗುಳ್ಳೆ. ಬೇರೆ ಎಂತದೂ ಅಲ್ಲ. ಪ್ರೋಬಿನ ತುದಿಯಲ್ಲಿ ದ್ರವ ತುಂಬಿರುತ್ತದೆ, ಅದರೊಳಗೆ ಒಂದು ಗುಳ್ಳೆ ಸೇರಿಕೊಂಡರೆ ಆ ಬದಿ ಸತ್ತಂತೆ. ಗಾಳಿ ಸಿಕ್ಕಿದ ಕಡೆ ಅಲ್ಟ್ರಾಸೌಂಡ್ ಮುಂದೆ ಹೋಗೂದಿಲ್ಲ, ಬಂದ ದಾರಿಯಲ್ಲೇ ವಾಪಸ್. ಪ್ರೋಬನ್ನು ತುದಿ ಕೆಳಗೆ ಮಾಡಿ ನೇತುಹಾಕಿ, ಮೆಲ್ಲಗೆ ತಟ್ಟಿ. ಗುಳ್ಳೆ ಮೇಲೇರಿ ದಾರಿ ಬಿಡ್ತದೆ.

ಕೋಡಿಬಾಗ್_ಬೆಂಚ್
ಪಿನ್ ಸ್ವಚ್ಛ ಇದೆ. ತಟ್ಟಿಯೂ ಆಯ್ತು. ಗುಳ್ಳೆ ಇದ್ದಿದ್ದರೆ ಬರೀ ಪ್ರೋಬ್ ಹಾಕಿದಾಗಲೂ ಕಾಣಬೇಕಿತ್ತಲ್ಲ?

ಕುಮಟಾ_ಸರ್ವಿಸ್
ಲೋಟದಲ್ಲಿ ಪ್ರೋಬ್ ನೆಟ್ಟಗೆ ಇರ್ತದೆ. ಸ್ಕೋಪಿನಲ್ಲಿ ಅಡ್ಡ ಆಗ್ತದೆ, ಗುಳ್ಳೆ ಜಾಗ ಬದಲಿಸ್ತದೆ. ಲೋಟದಲ್ಲೂ ಅಡ್ಡ ಹಿಡಿದು ನೋಡಿ.

ಉಪ್ಪುಗಾಳಿ
ಪಿನ್ ಕಣ್ಣಿಗೆ ಸ್ವಚ್ಛ ಕಂಡರೆ ಸಾಲದು. ಭೂತಗನ್ನಡಿ ಹಿಡಿದು ನೋಡಿ.

ಘಟ್ಟದ_ಮೇಲೆ (ಶಿರಸಿ)
ನೀವು ಮೂರು ಜನ ಮೂರು ಕಡೆ ಎಳೀತಾ ಇದ್ದೀರಿ. ಮೊದಲು ವಿಷಯ ಪೂರ್ತಿ ಹೇಳಲಿ. ಪ್ರೋಬ್ ಎಷ್ಟು ದಪ್ಪ? 1.4 ಮಿ.ಮೀ. ಇದಾ, 1.7 ಇದಾ? ಶೀತ್ 1.95 ಇದಾ, 2.55 ಇದಾ? ಸ್ಕೋಪಿನ ಚಾನಲ್, ಅಂದ್ರೆ ಸಾಮಾನು ಇಳಿಸುವ ಒಳದಾರಿ, ಎಷ್ಟು? ಅಡಾಪ್ಟರ್ ಯಾವ ನಮೂನೆ? ಒಂದೇ ಜಾಗದಲ್ಲಿ ಕಚ್ಚಿ ಹಿಡಿಯೋದಾ, ಹಿಂದೆ ಮುಂದೆ ಸರಿಸಿ ತಿರುಪು ಬಿಗಿಯೋದಾ? ಚಿತ್ರ ಏತರಲ್ಲಿ ನೋಡಿದ್ರಿ, ನೀರಲ್ಲೋ, ಮಾಡೆಲ್ಲಿನಲ್ಲೋ? ಪೇಷಂಟ್ ಮೇಲೆ ಅಲ್ಲ ತಾನೆ?

ಕೋಡಿಬಾಗ್_ಬೆಂಚ್
ಪೇಷಂಟ್ ಎಲ್ಲಿಂದ ಬಂತು? ಇದು ಹಳೆ ಪ್ರೋಬ್, ಆಸ್ಪತ್ರೆಯ ಸೇವೆಯಿಂದ ತೆಗೆದದ್ದು, ಬೆಂಚಿಗೆ ಮಾತ್ರ. ಜೆಲ್ಲಿ ಶ್ವಾಸಕೋಶ ಮಾಡಿಟ್ಟಿದ್ದೇನೆ. ಅಡಾಪ್ಟರ್ ಸರಿಸುವ ನಮೂನೆ, ತಿರುಪು ಇದೆ. ಜಾರಬಾರದು ಅಂತ ಗಟ್ಟಿ ಬಿಗಿದಿದ್ದೇನೆ. ಉಳಿದ ಅಳತೆ ನಾಳೆ ಹೇಳ್ತೆ, ಈಗ ಕರೆಂಟಿಲ್ಲ.

ಘಟ್ಟದ_ಮೇಲೆ
"ಗಟ್ಟಿ ಬಿಗಿದಿದ್ದೇನೆ." ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು ಮಾರಾಯ್ರೆ.

ಈ ಪ್ರೋಬಿನೊಳಗೆ ಉದ್ದಕ್ಕೂ ಒಂದು ಸುರುಳಿ ತಂತಿ ಓಡ್ತದೆ. ಡ್ರೈವ್ ಯೂನಿಟ್ ಅದನ್ನು ಈ ತುದಿಯಲ್ಲಿ ತಿರುಗಿಸಿದರೆ ಆ ತುದಿಯಲ್ಲಿರುವ, ಅಲ್ಟ್ರಾಸೌಂಡ್ ಬಿಟ್ಟು ಹಿಡಿಯುವ ಚಿಕ್ಕ ಟ್ರಾನ್ಸ್‌ಡ್ಯೂಸರ್ ಸುತ್ತು ಹೊಡೀತದೆ. 360 ಡಿಗ್ರಿ ಚಿತ್ರ ಬರೋದು ಹಾಗೆ. ನಡುವೆ ಎಲ್ಲಾದರೂ ಹೊರಗಿನ ಕವಚವನ್ನು ಹಿಂಡಿದರೆ ತಂತಿ ಅಲ್ಲಿ ಉಜ್ಜುತ್ತದೆ. ಒಂದು ಕ್ಷಣ ತಡೆದು ನಿಲ್ಲುತ್ತದೆ, ಆಮೇಲೆ ಬಿಗಿ ಬಿಟ್ಟು ಚಿಮ್ಮುತ್ತದೆ. ಯಂತ್ರಕ್ಕೆ ಇದು ಗೊತ್ತಾಗೋದಿಲ್ಲ. ಒಂದೇ ವೇಗದಲ್ಲಿ ತಿರುಗ್ತಾ ಇದೆ ಅಂತಲೇ ಚಿತ್ರ ಬಿಡಿಸ್ತದೆ. ತಡೆದ ಬದಿ ಎಳೆದು ಉಜ್ಜಿದ ಹಾಗೆ, ಚಿಮ್ಮಿದ ಬದಿ ಒತ್ತಿಕೊಂಡ ಹಾಗೆ. ಹೃದಯದ ರಕ್ತನಾಳದೊಳಗೆ ಹಾಕುವ ಐವಸ್ ಕ್ಯಾತಿಟರ್‌ನಲ್ಲೂ ಇದೇ ಗೋಳು. ಕ್ಯಾತ್‌ಲ್ಯಾಬಿನವರಿಗೆ ಗೊತ್ತು, ವಾಲ್ವ್ ಜಾಸ್ತಿ ಬಿಗಿದರೆ ಚಿತ್ರ ಎಳೀತದೆ.

ಪರೀಕ್ಷೆ ಸುಲಭ. ಅಗಲ ಬಾಯಿಯ ಪಾತ್ರೆಯಲ್ಲಿ ಜೆಲ್ಲಿ ಹಾಕಿ, ನಡುವೆ ಪ್ರೋಬಿಗೆ ತೂತು ಬಿಡಿ. ಸುತ್ತ ನಾಲ್ಕು ದಿಕ್ಕಿಗೆ ಒಂದೊಂದು ಹಿಡಿಕಡ್ಡಿ, ನಡುವಿನಿಂದ 1 ಸೆಂ.ಮೀ. ದೂರದಲ್ಲಿ ಊರಿ. ಚಿತ್ರದಲ್ಲಿ ನಾಲ್ಕೂ ಕಡ್ಡಿ 90 ಡಿಗ್ರಿ ಅಂತರದಲ್ಲಿ ಕಾಣಬೇಕು. ತಿರುಪು ಬಿಗಿಯುತ್ತಾ ಹೋಗಿ. ಕಡ್ಡಿಗಳ ಅಂತರ ಯಾವಾಗ ಏರುಪೇರಾಗ್ತದೋ ಅದಕ್ಕಿಂತ ಮೊದಲೇ ನಿಲ್ಲಿಸಿ.

ಕುಮಟಾ_ಸರ್ವಿಸ್
ಸರಿ, ಉಜ್ಜಿದ ಹಾಗೆ ಆಗೋದಕ್ಕೆ ಅದು ಕಾರಣ ಇರಬಹುದು. ಕತ್ತಲೆಗೆ? ಕತ್ತಲೆಗೆ ಗಾಳಿಯೇ.

ಹಳೇ_ಮದರ್‌ಬೋರ್ಡ್ (ಹುಬ್ಬಳ್ಳಿ, ಊರು ಮುಂಡಗೋಡ)
ಜೆಲ್ಲಿ ಗಿಲ್ಲಿ ಯಾಕ್ರೀ. ನಾನು ಸಿಟಿ ಸ್ಕ್ಯಾನ್ ಫೈಲಿನಿಂದ ಶ್ವಾಸನಾಳದ ಮರಾನೇ ತ್ರೀಡಿ ಪ್ರಿಂಟ್ ಹೊಡಿಸೀನಿ, ಮೆತ್ತನ್ನ ರೆಸಿನ್ ಒಳಗ. ಆರನೇ ಕವಲಿನ ತನಕ ಕೊಳವಿ ಐತಿ. ಕೆಳಗ ಎಲ್‌ಇಡಿ ಹಚ್ಚೀನಿ, ಮ್ಯಾಲೆ ಕ್ಯಾಮೆರಾ, ಎರಡು ಮಾನಿಟರ್. ಫೋಟೋ ಹಾಕ್ಲೇನ್ರಿ?

ಘಟ್ಟದ_ಮೇಲೆ
ರೆಸಿನ್ ಗೋಡೆಯಾಚೆ ಅಲ್ಟ್ರಾಸೌಂಡಿನಲ್ಲಿ ಎಂತ ಕಾಣ್ತದೆ?

ಹಳೇ_ಮದರ್‌ಬೋರ್ಡ್
ಅದು ಸ್ಕೋಪ್ ನಡೆಸೋದು ಕಲಿಯಾಕ ರೀ. ಅಲ್ಟ್ರಾಸೌಂಡಿಗೆ ಬ್ಯಾರೆ ಮಾಡಾಕತ್ತೀನಿ.

ಎದೆಗೂಡು (ಊರು ಯಲ್ಲಾಪುರ, ಕೆಲಸ ಬೇರೆ ಕಡೆ)
ಶ್ವಾಸಕೋಶದ ವೈದ್ಯ, ಈ ಪ್ರೋಬ್ ಬಳಸುವವನು. ಬೆಂಚಿನ ವಿಷಯ ನಿಮಗೇ ಹೆಚ್ಚು ಗೊತ್ತು. ಆದರೆ ತರಬೇತಿಗೆ ಅಂದದ್ದರಿಂದ ಒಂದೆರಡು ಮಾತು.

ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಈ ಪ್ರೋಬಿನಲ್ಲಿ ಬೆಳ್ಳಗೆ ಚುಕ್ಕೆ ಚುಕ್ಕೆಯಾಗಿ, ಹಿಮ ಸುರಿದ ಹಾಗೆ ಕಾಣುತ್ತದೆ. ಗಡ್ಡೆ ಬಂದರೆ ಬೂದು ಬಣ್ಣದ ಗಟ್ಟಿ ಜಾಗ, ಅಂಚಿನಲ್ಲಿ ಬೆಳ್ಳಿಗೆರೆ. ಪ್ರೋಬ್ ಗಡ್ಡೆಯ ನಡುವೆ ಇದೆಯೋ, ಪಕ್ಕದಲ್ಲಿ ಇದೆಯೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಜಪಾನಿನ ಕುರಿಮೊಟೊ ಮತ್ತು ಸಂಗಡಿಗರು 2004ರಲ್ಲಿ ಶೀತ್ ಬಳಸಿ 150 ಗಡ್ಡೆಗಳನ್ನು ನೋಡಿದ ವರದಿ ಕೊಟ್ಟರು. ಒಟ್ಟಾರೆ 77 ಶೇಕಡಾ ಗಡ್ಡೆಗಳಲ್ಲಿ ರೋಗ ಪತ್ತೆ. ಪ್ರೋಬ್ ಗಡ್ಡೆಯ ಒಳಗಿದ್ದಾಗ 87, ಪಕ್ಕದಲ್ಲಿದ್ದಾಗ 42. ಹಾಗಾಗಿ ನಿಮ್ಮ ಮಾಡೆಲ್ಲಿನಲ್ಲಿ ಎರಡೂ ಬಗೆ ಇರಲಿ. ಒಂದು ಗಡ್ಡೆಯ ನಡುವೆ ಹಾದುಹೋಗುವ ಕೊಳವೆ, ಇನ್ನೊಂದು ಬದಿ ಸವರಿ ಹೋಗುವುದು.

ಶೀತ್ ಯಾಕೆ ಬೇಕು ಅಂತಲೂ ಹುಡುಗರಿಗೆ ಹೇಳಿ. ಚಿತ್ರ ಸಿಕ್ಕಿದ ಮೇಲೆ ಪ್ರೋಬ್ ಹೊರಗೆ ಬರಬೇಕು, ಅದೇ ದಾರಿಯಲ್ಲಿ ಬ್ರಶ್, ಬಯಾಪ್ಸಿ ಫೋರ್ಸೆಪ್ಸ್ ಹೋಗಬೇಕು. ಶೀತ್ ಅಲ್ಲೇ ಉಳಿದರೆ ಜಾಗ ತಪ್ಪುವುದಿಲ್ಲ, ರಕ್ತ ಬಂದರೂ ಅದೇ ತಡೆ.

ನಿಮ್ಮ ಕತ್ತಲೆ ಚಿತ್ರಕ್ಕೆ ನನ್ನ ಊಹೆ: ಟ್ರಾನ್ಸ್‌ಡ್ಯೂಸರ್ ಶೀತ್ ತುದಿಯಿಂದ ಹೊರಗೆ ಬಂದಿಲ್ಲ. ಆಪರೇಷನ್ ಟೇಬಲ್ಲಿನಲ್ಲೂ ಇದು ದಿನಾ ಆಗುವುದೇ.

ಕೋಡಿಬಾಗ್_ಬೆಂಚ್
ಸರ್, ಧನ್ಯವಾದ. ಆದರೆ ಲಾಕ್ ಮಾಡುವಾಗ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿಯೇ ಮಾಡಿದ್ದು.

ಅಳತೆ ಕೇಳಿದ್ರಲ್ಲ: ಪ್ರೋಬ್ 1.4, ಶೀತ್ 2.55, ಚಾನಲ್ 2.8.

ಘಟ್ಟದ_ಮೇಲೆ
1.4 ಪ್ರೋಬಿಗೆ 1.95 ಶೀತ್ ಜೋಡಿ. 2.55 ಶೀತ್ 1.7 ಪ್ರೋಬಿಗೆ. ನಿಮ್ಮದು ಅಣ್ಣನ ಅಂಗಿ ತಮ್ಮ ಹಾಕಿಕೊಂಡ ಹಾಗೆ.

ಕೋಡಿಬಾಗ್_ಬೆಂಚ್
ಸಿಕ್ಕಿದ್ದು ಅದೇ. ಹೊಸ ಶೀತ್ ಬೆಲೆ ನೋಡಿದ್ದೀರಾ?

ಉಪ್ಪುಗಾಳಿ
ಅಂದರೆ ಇದು ಯಾರೋ ಬಳಸಿ ಬಿಟ್ಟ ಶೀತ್? ಒಂದೇ ಸಲದ ಸಾಮಾನು ಅದು. ಎಸೆಯಬೇಕು.

ಕೋಡಿಬಾಗ್_ಬೆಂಚ್
ಬಳಸಿದ್ದಲ್ಲ, ಅವಧಿ ಮುಗಿದ ಪ್ಯಾಕ್. ಜೆಲ್ಲಿಗೆ ಸೋಂಕು ತಗುಲ್ತದಾ?

ಉಪ್ಪುಗಾಳಿ
ಜೆಲ್ಲಿಯ ಪ್ರಶ್ನೆ ಅಲ್ಲ. ಇವತ್ತು ಬೆಂಚು, ನಾಳೆ ಯಾರೋ ಗಡಿಬಿಡಿಯಲ್ಲಿ ಅದನ್ನೇ ಟ್ರೇಗೆ ಹಾಕ್ತಾರೆ. ನಾನು ಕಂಡಿದ್ದೇನೆ.

ಕುಮಟಾ_ಸರ್ವಿಸ್
ಸೋಂಕು ಕಳೆಯುವ ಇಟಿಒ ಗ್ಯಾಸಿಗೆ ಹಾಕಿ ಎರಡು ಮೂರು ಸಲ ಬಳಸುವ ಜಾಗಗಳೂ ಇವೆ, ಅದನ್ನೂ ಹೇಳಿ.

ಎದೆಗೂಡು
ಅದಕ್ಕೆ ಬೇರೆ ಚರ್ಚೆ ಇರಲಿ, ದಯವಿಟ್ಟು. ಬೆಂಚಿನ ಸಾಮಾನಿಗೆ ಕೆಂಪು ಟೇಪ್ ಸುತ್ತಿ, ಬೇರೆ ಡಬ್ಬಿಯಲ್ಲಿಡಿ.

ಘಟ್ಟದ_ಮೇಲೆ
ಮೂಲಕ್ಕೆ ಬರೋಣ. ಕಣ್ಣಾರೆ ನೋಡಿ ಲಾಕ್ ಮಾಡಿದ್ದು ಮೇಜಿನ ಮೇಲೆ, ಶೀತ್ ನೇರ ಇದ್ದಾಗ. ಸ್ಕೋಪಿನಲ್ಲಿ ಬಾಗಿದಾಗ? ಸಡಿಲ ಶೀತ್ ಒಳಗೆ ಪ್ರೋಬ್ ಒಂದು ಗೋಡೆಗೆ ಒತ್ತಿಕೊಂಡು ಹೋಗ್ತದೆ. ಶೀತ್ ಒಳವ್ಯಾಸ 2 ಅಂತ ಇಟ್ಟುಕೊಳ್ಳಿ. ನಡುವಿನಿಂದ ಬದಿಗೆ 0.3 ಮಿ.ಮೀ. ಸರೀತದೆ. ಒಟ್ಟು ಬಾಗು 180 ಡಿಗ್ರಿ ಆದರೆ 0.3 ಗುಣಿಸು 3.14, ಹೆಚ್ಚೂಕಡಿಮೆ 1 ಮಿ.ಮೀ. ದಾರಿಯ ವ್ಯತ್ಯಾಸ.

ಕುಮಟಾ_ಸರ್ವಿಸ್
ಬರೀ 1 ಮಿ.ಮೀ.ಗೆ ಪೂರ್ತಿ ಕತ್ತಲೆ ಆಗೂದಿಲ್ಲ. ಲೆಕ್ಕ ಚೆಂದ, ಕೆಲಸಕ್ಕೆ ಬರೂದಿಲ್ಲ.

ಘಟ್ಟದ_ಮೇಲೆ
ಅದೊಂದೇ ಅಲ್ಲ. ಶೀತ್ ಅಂದರೆ ಒಂದು ಮೀಟರಿನ ಆಚೀಚೆ ಉದ್ದದ ತೆಳು ಪ್ಲಾಸ್ಟಿಕ್ ಕೊಳವೆ. ಲಾಕ್ ಇರುವುದು ಹಿಂತುದಿಯಲ್ಲಿ ಮಾತ್ರ. ಚಾನಲ್ಲಿನಲ್ಲಿ ಉಜ್ಜಿಕೊಂಡು ಮುಂದೆ ತಳ್ಳಿದಾಗ ಶೀತ್ ಸ್ವಲ್ಪ ಕುಗ್ಗುತ್ತದೆ, ಪ್ರೋಬ್ ಇನ್ನಷ್ಟು ಹೊರಗೆ. ಹಿಂದೆ ಎಳೆದಾಗ ಹಿಗ್ಗುತ್ತದೆ, ಪ್ರೋಬ್ ಒಳಗೆ. ಮೀಟರಿಗೆ ಶೇಕಡಾ 0.2 ಹಿಗ್ಗಿದರೂ 2 ಮಿ.ಮೀ. ಬಾಗಿನದ್ದೂ ಸೇರಿಸಿ. ಶೀತ್ ತುದಿಯಲ್ಲಿ ಎಕ್ಸ್‌ರೇಗೆ ಕಾಣುವ ಗುರುತು ಬೇರೆ ಇರ್ತದೆ, ಅದರ ಕೆಳಗೆ ಟ್ರಾನ್ಸ್‌ಡ್ಯೂಸರ್ ಕೂತರೆ ದೇವರೇ ಗತಿ.

ಒಂದು ಕೇಳ್ತೆ: ಕತ್ತಲೆ ಆಗೋದು ತಳ್ಳುವಾಗಲಾ, ಎಳೆಯುವಾಗಲಾ?

ಕೋಡಿಬಾಗ್_ಬೆಂಚ್
...ಎಳೆಯುವಾಗ.

ಕುಮಟಾ_ಸರ್ವಿಸ್
ಹಾಗಾದರೆ ಒಳಗೆ ಸರಿದ ಮೇಲೆ ಶೀತ್ ಒಳಗಿರುವುದು ಎಂತದು? ಗಾಳಿ! ನಾನು ಮೊದಲಿನಿಂದ ಹೇಳಿದ್ದು ಅದೇ.

ಘಟ್ಟದ_ಮೇಲೆ
ನೀವು ಹೇಳಿದ್ದು ಪ್ರೋಬಿನೊಳಗಿನ ಗುಳ್ಳೆ. ಇದು ಶೀತ್ ಒಳಗಿನ ಗಾಳಿ. ಆದರೂ ಅರ್ಧ ಅಂಕ ಕೊಟ್ಟೆ. ಸಿರಿಂಜಿನಲ್ಲಿ ಸಲೈನ್ ತೆಗೆದುಕೊಂಡು ಶೀತ್ ಒಳಗೆ ಬಿಡಿ. ಕತ್ತಲೆ ಹೋಗಿ ಮಂಕು ಚಿತ್ರ ಬಂದರೆ ತುದಿ ಶೀತ್ ಒಳಗೇ ಇದೆ ಅಂತ ಅರ್ಥ. ಚೊಕ್ಕ ಚಿತ್ರ ಬರಬೇಕಾದರೆ ಹೊರಗೇ ಬರಬೇಕು.

ಹಳೇ_ಮದರ್‌ಬೋರ್ಡ್
ಜೆಲ್ಲಿ ಹೆಂಗ್ ಮಾಡೀರಿ ಅದನ್ನಾದ್ರೂ ಹೇಳ್ರಿ.

ಕೋಡಿಬಾಗ್_ಬೆಂಚ್
ಅಗರ್, ಅಂಗಡಿಯಲ್ಲಿ ಚೈನಾಗ್ರಾಸ್ ಅಂತ ಸಿಗ್ತದಲ್ಲ. ಲೀಟರ್ ನೀರಿಗೆ 25 ಗ್ರಾಂ. ಗಡ್ಡೆಗೆ ಅದಕ್ಕೇ ಇಸಬಗೋಲು ಕಲಸಿದ್ದು, ಬೂದು ಬಣ್ಣ ಚೆನ್ನಾಗಿ ಬರ್ತದೆ. ಸುತ್ತ ಒದ್ದೆ ಸ್ಪಂಜು, ಅದರ ಗಾಳಿಯಿಂದ ಹಿಮದ ಚಿತ್ರ. ಕೊಳವೆಗೆ ಐವಿ ಸೆಟ್ಟಿನ ಟ್ಯೂಬ್ ಹೂತಿದ್ದೇನೆ.

ಎದೆಗೂಡು
ಟ್ಯೂಬ್ ಒಳಗೇ ಉಳಿದಿದೆಯೇ?

ಕೋಡಿಬಾಗ್_ಬೆಂಚ್
ಹೌದು. ಅದಿಲ್ಲದಿದ್ರೆ ದಾರಿ ಮುಚ್ಚಿಹೋಗೂದಿಲ್ವಾ?

ಎದೆಗೂಡು
ಅಗರ್ ಗಟ್ಟಿಯಾದ ಮೇಲೆ ಎಳೆದು ತೆಗೆಯಿರಿ. ದಾರಿ ನಿಲ್ಲುತ್ತದೆ. ನೀರು ತುಂಬಿಸಿಡಿ. 20 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 0.08 ಮಿ.ಮೀ.ಗಿಂತ ಕಡಿಮೆ. ಸೂಕ್ಷ್ಮ ವಿವರ ಸಿಗುತ್ತದೆ, ಆದರೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಪ್ಲಾಸ್ಟಿಕ್ ಗೋಡೆ ಅದರಲ್ಲೂ ಪಾಲು ತಿನ್ನುತ್ತದೆ.

ಉಪ್ಪುಗಾಳಿ
ಪ್ರೋಬ್ ಎಲ್ಲಿಡ್ತೀರಿ? ಮಳೆಗಾಲದಲ್ಲಿ ಕಾರವಾರದ ಗಾಳಿ ಅಂದರೆ ಉಪ್ಪು ನೀರೇ. ನನ್ನ ಬೀರುವಿನಲ್ಲಿ ಸಿಲಿಕಾ ಜೆಲ್, ತೇವ ಅಳೆಯುವ ಮೀಟರ್, ಬಾಗಿಲಿಗೆ ರಬ್ಬರ್ ಪಟ್ಟಿ.

ಘಟ್ಟದ_ಮೇಲೆ
ಶಿರಸಿಯಲ್ಲಿ ಜುಲೈ ತಿಂಗಳು ಅಂದರೆ ಬೀಗದ ಕೈಗೂ ಬೂಷ್ಟು ಹಿಡೀತದೆ. ನಾನು ಹಳೆ ಫ್ರಿಜ್ಜಿನ ಡಬ್ಬಿಯಲ್ಲಿ ಸಣ್ಣ ಬಲ್ಬ್ ಉರಿಸ್ತೆ. ಪ್ರೋಬ್ ಸುರುಳಿ ಬಿಗಿಯಾಗಿ ಸುತ್ತಬೇಡಿ ಅಷ್ಟೆ, ತಂತಿ ಮುರೀತದೆ.

ಹಳೇ_ಮದರ್‌ಬೋರ್ಡ್
ನನ್ನಲ್ಲಿ ಡ್ರೈ ಕ್ಯಾಬಿನೆಟ್ಟೇ ಐತ್ರಿ, ಡಿಜಿಟಲ್ಲು.

ಕೋಡಿಬಾಗ್_ಬೆಂಚ್
ಅಪ್‌ಡೇಟ್. ತಿರುಪು ಸಡಿಲಿಸಿದೆ. ನಾಲ್ಕು ಕಡ್ಡಿ ನಾಲ್ಕು ದಿಕ್ಕಿಗೆ ಸಮ ಬಂತು. ಇನ್ನು ಕಾಲು ಸುತ್ತು ಬಿಗಿದ ಕೂಡಲೇ ಒಂದು ಕಡ್ಡಿ ಅಗಲ ಆಗ್ತದೆ, ಕಣ್ಣಿಗೆ ಕಾಣುವ ಹಾಗೆ. ಜಾರಬಾರದು ಅಂತ ತಿರುಪಿನ ಕೆಳಗೆ ಸಿಲಿಕೋನ್ ಟ್ಯೂಬಿನ ಚೂರು ಸೇರಿಸಿದೆ. ಈಗ ಕಡಿಮೆ ಬಿಗಿಯಲ್ಲೇ ಹಿಡೀತದೆ.

ಸಲೈನ್ ಬಿಟ್ಟಾಗ ಕತ್ತಲೆ ಹೋಗಿ ಮಂಕು ಬಂತು. ಹಾಗಾಗಿ ಸ್ಕೋಪನ್ನು ಮಾಡೆಲ್ಲಿನಲ್ಲಿ ಬಾಗಿದ ಹಾಗೇ ಇಟ್ಟು, ಶೀತನ್ನು ಸ್ವಲ್ಪ ಹಿಂದೆ ಎಳೆದು, ಆಗ ಟ್ರಾನ್ಸ್‌ಡ್ಯೂಸರ್ ಪೂರ್ತಿ ಹೊರಗೆ ಬರುವಷ್ಟು ಅಡಾಪ್ಟರ್ ಸರಿಸಿ ಲಾಕ್ ಮಾಡಿದೆ. ಪ್ರೋಬ್ ಮೇಲೆ ಆ ಜಾಗಕ್ಕೆ ಟೇಪ್ ಗುರುತು. ಈಗ ಎಳೆದರೂ ಚಿತ್ರ ನಿಲ್ತದೆ. ತಳ್ಳುವಾಗ ತುದಿ ಜಾಸ್ತಿ ಹೊರಗೆ ಚಾಚ್ತದೆ, ಅದೊಂದು ಇಷ್ಟವಾಗ್ಲಿಲ್ಲ.

ಘಟ್ಟದ_ಮೇಲೆ
ಜೋಡಿ ಸರಿಯಾದ ಶೀತ್ ಸಿಕ್ಕರೆ ಅದೂ ಕಡಿಮೆ ಆಗ್ತದೆ. ನನ್ನ ಹತ್ರ 1.95ರ ಒಂದು ಹಳೆ ಪ್ಯಾಕ್ ಇದೆ. ಕಳಿಸ್ತೆ, ದೇವಿಮನೆ ಘಟ್ಟದ ರಸ್ತೆ ಕೃಪೆ ಮಾಡಿದ ದಿನ ತಲುಪ್ತದೆ. ಇನ್ನೊಂದು: ಪ್ರೋಬಿನ ಟೇಪ್ ಗುರುತನ್ನು ಫೋರ್ಸೆಪ್ಸಿಗೆ ನಂಬಬೇಡಿ. ಅದರ ಸ್ಟಾಪರ್ ಬೇರೆಯಾಗಿ, ಶೀತ್ ಜೊತೆ ಅಳೆದೇ ಹಾಕಬೇಕು.

ಉಪ್ಪುಗಾಳಿ
ಸರಿಯಾಯ್ತಲ್ಲ, ಸಂತೋಷ. ಪಿನ್ ಕೂಡ ಒಮ್ಮೆ ನೋಡಿ.

ಹೊಸಬ_ಅಂಕೋಲಾ
ನನ್ನ ಹತ್ರ ಚಾನಲ್ 2.0 ಇರುವ ತೆಳು ಸ್ಕೋಪ್ ಇದೆ. ಈ 2.55 ಶೀತ್ ಅದರಲ್ಲಿ ಹೋಗ್ತದಾ?

ಘಟ್ಟದ_ಮೇಲೆ
ಹೋಗೋದಿಲ್ಲ. 1.95 ಬೇಕು. ಹೊಸ ಚರ್ಚೆ ಶುರು ಮಾಡಿ, ಅಳತೆ ಎಲ್ಲ ಮೊದಲೇ ಬರೆಯಿರಿ.